ಬೆಟಗೇರಿಯ ಗೋಟುವಿಜಯ

ಎಲೈ ಸೂಚೀಮುಖಿಯೇ, ಒಂದೇ ಕಣ್ಣುಳ್ಳವಳಾಗಿಯೂ ಲೋಕದ ಹರಕನ್ನೆಲ್ಲ ಕಂಡವಳೇ, ಚುಚ್ಚುವುದೇ ಸ್ವಭಾವವಾದರೂ ಕೂಡಿಸುವುದನ್ನೇ ಕಸುಬು ಮಾಡಿಕೊಂಡವಳೇ, ಕ್ಷಣಕಾಲ ಬಂದು ನನ್ನ ನಾಲಗೆಯ ತುದಿಯಲ್ಲಿ ನಿಲ್ಲು. ಚುಚ್ಚಬೇಡ, ನಿಂತರೆ ಸಾಕು. ಎಣ್ಣೆ ಬಿಟ್ಟ ಮಶಿನ್ನಿನಂತೆ ನನ್ನ ಮಾತು ಓಡಲಿ, ನಡುವೆ ದಾರ ಕಡಿಯದಿರಲಿ, ಕಥೆ ಮುಗಿಯುವ ಮೊದಲೇ ಬಾಬಿನ್ನಿನ ನೂಲು ತೀರದಿರಲಿ.

ಕೃತ ತ್ರೇತಾ ದ್ವಾಪರಗಳು ಸಂದು, ಕಲಿಯೂ ತಕ್ಕಮಟ್ಟಿಗೆ ಹಳತಾಗಿ, ಹುಲಿಯ ಚಿತ್ರ ಹೊತ್ತ ಮೆತ್ತನೆಯ ಬ್ಲ್ಯಾಂಕೆಟ್ಟುಗಳು ಮನೆಮನೆಯ ಮಂಚಗಳನ್ನು ಆಕ್ರಮಿಸಿಕೊಂಡಿದ್ದ ಕಾಲ ಅದು. ಕಾಲ್ಮಶಿನ್ನುಗಳ ಕಬ್ಬಿಣದ ಕಾಲುಗಳ ಮೇಲೆ ಗ್ರಾನೈಟ್ ಕಲ್ಲು ಕೂಡಿಸಿ, ಅದರ ಮೇಲೆ ಹೊಸ ಹೋಟೆಲುಗಳು ಇಡ್ಲಿ ಬಡಿಸುತ್ತಿದ್ದ ಕಾಲ. ಅಂಥ ಅಧರ್ಮಯುಗದಲ್ಲಿ, ಮಗ್ಗಗಳ ಸದ್ದು ಇಳಿದು ಆಟೋಗಳ ಸದ್ದು ಏರಿದ ಬೆಟಗೇರಿಯೆಂಬ ಪಟ್ಟಣದಲ್ಲಿ, ಖಡಕ್ಕುರೊಟ್ಟಿನಿರ್ಮಾಣನಿಪುಣೆಯೂ, ನೆರೆಮನೆಕಲಹವಿಜಯಿನಿಯೂ, ಉಪ್ಪಿನಕಾಯಿಭರಣಿಪಾಲಕಿಯೂ ಆದ ವಿಶಾಲಾಕ್ಷಿ ಎಂಬ ಮಹಿಳೆ ವಾಸವಾಗಿದ್ದಳು. ಕವಲೂರ ಮನೆತನದ ಒಬ್ಬಳೇ ಸೊಸೆ. ಪತಿ ಮಹಾರುದ್ರಪ್ಪ ನೀರಿನ ಇಲಾಖೆಯಿಂದ ನಿವೃತ್ತನಾಗಿ, ಮಧ್ಯಾಹ್ನನಿದ್ರಾವ್ರತವನ್ನು ಕೈಗೊಂಡು, ಅದರಲ್ಲಿ ಒಂದು ದಿನವೂ ಭಂಗ ಬಾರದಂತೆ ನಡೆದುಕೊಂಡು ಬಂದಿದ್ದ ಶಾಂತಪುರುಷ.

ಆ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕದಲ್ಲಿ, ಒಂದು ಹೊಲಿಗೆ ಮಶಿನ್ ವಿರಾಜಿಸುತ್ತಿತ್ತು. ಕಾರ್ಮೋಡದಂಥ ಮೈಬಣ್ಣ, ಕಂಠದ ಸುತ್ತ ಅರ್ಧ ಅಳಿಸಿದ ಬಂಗಾರದ ಬಳ್ಳಿ, ಬಲಗಡೆ ಲೋಹಚಕ್ರ, ಕೆಳಗೆ ತುಳಿದರೆ ರಥದಂತೆ ಗುಡುಗುವ ಪಾದಪೀಠ. ಅದು ವಿಶಾಲಾಕ್ಷಿಯ ಅತ್ತೆ ಹಂಪವ್ವನದು. ಯಾರೋ ಹೊಲಿಗೆ ಕ್ಲಾಸು ಮುಚ್ಚಿ ಊರು ಬಿಡುವಾಗ ಮಾರಿದ್ದನ್ನು ಹಂಪವ್ವ ಗಂಡನ ಮಾತು ಮೀರಿ ಮನೆಗೆ ತಂದಿದ್ದಳು. ಹಂಪವ್ವ ಈಗಿಲ್ಲ. ಆದರೆ ಅವಳ ಕೌದಿಗಳ ಕೀರ್ತಿ ಓಣಿಯ ಆಚೆಗೂ ಉಳಿದಿತ್ತು.

ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದ ಸಾಲುಸಾಲಾಗಿ ಹೊಲಿದರೆ ಕೌದಿ. ಅದರ ನಾಲ್ಕೂ ಅಂಚಿನ ಎಳೆ ಬಿಚ್ಚದಂತೆ ಸುತ್ತ ಒಂದು ಪಟ್ಟಿ ಮಡಚಿ ಹಚ್ಚಿದರೆ ಅದು ಗೋಟು. ಕೌದಿ ಎಲ್ಲರೂ ಹೊಲಿಯುತ್ತಾರೆ, ಗೋಟಿನಲ್ಲಿ ಮರ್ಯಾದೆ ಕಳೆದುಕೊಳ್ಳುತ್ತಾರೆ. ಹಂಪವ್ವನ ಗೋಟು ಮಾತ್ರ ಗೆರೆಪಟ್ಟಿ ಹಿಡಿದು ಎಳೆದಂತಿರುತ್ತಿತ್ತು. ಅದರ ಗುಟ್ಟೇನೆಂದು ಕೇಳಿದವರಿಗೆ ಅವಳು ಮಶಿನ್ನಿನ ಜೊತೆ ಬಂದಿದ್ದ ತಗಡಿನ ಡಬ್ಬಿಯನ್ನು ತೋರಿಸುತ್ತಿದ್ದಳು. ಸೂಜಿಯ ಕೆಳಗೆ ಬಟ್ಟೆಯನ್ನು ಅದುಮಿ ಹಿಡಿಯುವ ಪುಟ್ಟ ಲೋಹದ ತುಂಡಿಗೆ ಹೊಲಿಗೆಯವರು ಫೂಟು ಎನ್ನುತ್ತಾರಷ್ಟೆ. ಆ ಡಬ್ಬಿಯ ತುಂಬ ಇದ್ದದ್ದು ಅಂಥ ಫೂಟುಗಳು, ಒಂದೊಂದು ಕೆಲಸಕ್ಕೆ ಒಂದೊಂದು. ಎಲ್ಲಕ್ಕೂ ಮಿಗಿಲಾದದ್ದು ಗೋಟಿನ ಫೂಟು. ಅದರ ಮೂತಿಯಲ್ಲಿ ಶಂಖದಂಥ ಸುರುಳಿ. ಪಟ್ಟಿಯನ್ನು ಶಂಖದ ಬಾಯಿಗೆ ತೂರಿಸಿದರೆ ಅದು ತಾನಾಗಿ ಮಡಚಿಕೊಂಡು, ಅಂಚನ್ನು ಮೇಲೂ ಕೆಳಗೂ ಏಕಕಾಲಕ್ಕೆ ತಬ್ಬಿ, ಸೂಜಿಗೆ ಒಪ್ಪಿಸುತ್ತದಂತೆ. ಅಂತೆ ಎನ್ನುವುದೇಕೆಂದರೆ, ಹಂಪವ್ವ ಗೋಟು ಹಚ್ಚುವಾಗ ಪಡಸಾಲೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಗಿನವರಿಗೆ ಕೇಳುತ್ತಿದ್ದದ್ದು ಮಶಿನ್ನಿನ ಗುಡುಗು ಮಾತ್ರ.

ಈ ಫೂಟೇ ಒಂದು ಮನೆತನವನ್ನು ಎರಡಾಗಿ ಸೀಳಿತು. ಹಂಪವ್ವ ತೀರಿಕೊಂಡ ಮೇಲೆ, ಕಾರ್ಯವೆಲ್ಲ ಮುಗಿದು ಸೀರೆಗಳನ್ನು ಹಂಚಿಕೊಳ್ಳುವ ದಿನ, ಅವಳ ಒಬ್ಬಳೇ ಮಗಳು ಸುವರ್ಣಾ ಮಶಿನ್ನಿನ ಮೇಲೆ ಕೈಯಿಟ್ಟು ನಿಂತಳು. ಈ ಮನೆಯಲ್ಲಿ ಇಷ್ಟು ವರ್ಷ ಅದರ ಧೂಳು ಒರೆಸಿದವಳು ತಾನು, ಆದ್ದರಿಂದ ಅದು ಇಲ್ಲಿಂದ ಕದಲುವುದಿಲ್ಲ ಎಂದು ವಿಶಾಲಾಕ್ಷಿ ಎಲ್ಲರೆದುರು ಹೇಳಿದಳು. ಸುವರ್ಣಾ ವಾದಿಸಲಿಲ್ಲ. ಮಶಿನ್ನಿನ ಡ್ರಾವರು ಎಳೆದಳು, ಡಬ್ಬಿಯನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡಳು.

“ಮೈ ನಿಮಗಿರ್ಲಿ ವೈನಿ. ಪಾದ ನನಗ ಸಾಕು,” ಎಂದಳು ಅತ್ತಿಗೆಗೆ. ಸಾಧ್ವಿಯ ಮಾತಿನಂತೆ ಕೇಳಿಸಿತು, ಆದರೆ ಹೊಲಿಗೆ ಬಲ್ಲವರಿಗೆ ಅದು ಶಸ್ತ್ರಾಪಹರಣವೆಂದು ತಿಳಿಯಿತು.

ಅಂದಿನಿಂದ ಒಬ್ಬಳ ಬಳಿ ಬಿಲ್ಲು, ಇನ್ನೊಬ್ಬಳ ಬಳಿ ಬಾಣ. ಬೆಟಗೇರಿಗೂ ಸುವರ್ಣಾಳ ಮನೆಯಿದ್ದ ಗದಗಿಗೂ ನಡುವೆ ಆಟೋದಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟು ದಾರಿ. ಆ ದಾರಿಯನ್ನು ಇಬ್ಬರೂ ತುಳಿಯಲಿಲ್ಲ. ಮದುವೆಗಳಲ್ಲಿ ಎದುರಾದರೆ ಮೂರನೆಯವರ ಮೂಲಕ ಆರೋಗ್ಯ ವಿಚಾರಿಸಿಕೊಳ್ಳುತ್ತಿದ್ದರು.

ಹೀಗಿರಲು, ವಿಶಾಲಾಕ್ಷಿಯ ಮಗಳು ಪೂರ್ಣಿಮಾ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣುಮಗುವನ್ನು ಹಡೆದಳು. ಅಜ್ಜಿಯಾದ ವಿಶಾಲಾಕ್ಷಿ ಟ್ರಂಕು ತೆಗೆದು, ಅತ್ತೆಯಿಂದ ತನ್ನ ಪಾಲಿಗೆ ಬಂದ ಸೀರೆಗಳಲ್ಲಿ ತೀರ ಸವೆದಿದ್ದವನ್ನು ಆರಿಸಿ, ತೊಟ್ಟಿಲಿಗೆಂದು ಕೌದಿ ಹೊಲಿಯತೊಡಗಿದಳು. ಸವೆದ ಸೀರೆ ಮೆತ್ತಗಿರುತ್ತದೆ, ಕೂಸಿನ ಮೈಗೆ ಹಿತ. ಹೊಲಿಯುತ್ತ ಹೊಲಿಯುತ್ತ ಒಂದೊಂದು ಸೀರೆಯಲ್ಲಿಯೂ ಅತ್ತೆ ಕಣ್ಣೆದುರು ಬಂದು, ಹೊಲಿಗೆ ಸೊಟ್ಟಾಯಿತೆಂದು ಬೈದು ಹೋಗುತ್ತಿದ್ದಳು.

ತೊಟ್ಟಿಲ ಕಾರ್ಯದ ದಿನ ಗೊತ್ತುಮಾಡಲು ಹುಬ್ಬಳ್ಳಿಯಿಂದ ಬೀಗಿತಿ ಬಂದಳು. ಪೂರ್ಣಿಮಾಳ ಅತ್ತೆ ರಾಜೇಶ್ವರಿ, ಮೃದುಭಾಷಿಣಿ, ಮೃದುತ್ವದಿಂದಲೇ ಗಾಯಮಾಡುವವಳು. ಹೊಲಿಗೆಗೆ ಬಿದ್ದ ಕೌದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದನ್ನೆಲ್ಲ ಯಾಕೆ ತ್ರಾಸು ಮಾಡಿಕೊಳ್ಳುತ್ತೀರಿ, ಮೊಬೈಲಿನಲ್ಲಿ ಒತ್ತಿದರೆ ಮಲ್ಮಲ್ಲಿನವು ಮನೆಗೇ ಬರುತ್ತವೆ, ಅಂಚೂ ಚೊಕ್ಕವಾಗಿರುತ್ತದೆ ಎಂದಳು.

ಅಂಚು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ವಿಶಾಲಾಕ್ಷಿಯ ಮೂಗುತಿ ಕಿಡಿಯುಗುಳಿತು. ಅವಳು ಎದ್ದು ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಭೆಯನ್ನು ಉದ್ದೇಶಿಸಿ ಘನಗಂಭೀರಧ್ವನಿಯಲ್ಲಿ ಇಂತೆಂದಳು: “ಕೇಳು, ಹುಬ್ಬಳ್ಳೀಪುರನಿವಾಸಿನಿಯೇ. ಈ ಕೌದಿಯೆಂಬ ವಿಸ್ತಾರಭೂಮಂಡಲದ ಸುತ್ತ, ಕೋಟೆಯನ್ನು ಕಂದಕವು ಬಳಸುವಂತೆ, ಕೂದಲೆಳೆಯಷ್ಟೂ ಓರೆಯಾಗದ ಗೋಟನ್ನು ಯಂತ್ರಮುಖದಿಂದಲೇ ಹಚ್ಚುವೆನು. ಹಚ್ಚದಿದ್ದರೆ ಇನ್ನು ಮುಂದೆ ನನ್ನನ್ನು ಹಂಪವ್ವನ ಸೊಸೆಯೆಂದು ಯಾರೂ ಕರೆಯದಿರಲಿ.”

ಇದು ಕವಿಗೆ ಕೇಳಿಸಿದ್ದು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದವರಿಗೆ ಕೇಳಿಸಿದ್ದು ಇಷ್ಟು: “ಗೋಟು ಮಶಿನ್ನಿನ್ಯಾಗ ಹಚ್ಚತೀನ್ರಿ ಬೀಗರ. ನಮ್ಮತ್ತಿ ಹಚ್ಚತಿದ್ಲಲ್ಲ, ಹಂಗ. ನೀವ ನೋಡಿ ಹೇಳ್ರಿ.”

ಬೀಗಿತಿ ನೋಡುತ್ತೇನೆಂದಳು. ಯುದ್ಧಘೋಷಣೆ ಆದಂತಾಯಿತು.

ಮೊದಲನೆಯ ಸಮರ ಮರುದಿನವೇ ನಡೆಯಿತು. ವೀರಾಗ್ರಣಿ ವಿಶಾಲಾಕ್ಷಿ ಮಶಿನ್ನಿಗೆ ಎಣ್ಣೆ ಬಿಟ್ಟು, ಪಟ್ಟಿಯನ್ನು ಕೈಯಿಂದಲೇ ಮಡಚಿ, ಮಶಿನ್ನಿನಲ್ಲಿದ್ದ ಸಾದಾ ಫೂಟಿನ ಕೆಳಗೆ ಕೌದಿಯನ್ನು ನುಗ್ಗಿಸಿದಳು. ರಥ ಗುಡುಗಿತು. ಮೇಲಿನ ಮಡಿಕೆ ಮುಂದೆ ಹೋಯಿತು, ಕೆಳಗಿನ ಮಡಿಕೆ ಹಿಂದೆ ಉಳಿಯಿತು. ಮೇಲಿನಿಂದ ನೋಡಿದರೆ ಹೊಲಿಗೆ ನೆಟ್ಟಗಿತ್ತು, ಮಗುಚಿ ನೋಡಿದರೆ ಸೂಜಿ ಅರ್ಧ ದಾರಿಯವರೆಗೆ ಪಟ್ಟಿಯನ್ನು ಮುಟ್ಟಿಯೇ ಇರಲಿಲ್ಲ. ಮೂಲೆಗೆ ಬಂದಾಗ ಬಟ್ಟೆಯೆಲ್ಲ ಒಂದೆಡೆ ಗುಡ್ಡೆಯಾಗಿ ಕರಿಗಡಬಿನ ಆಕಾರ ತಾಳಿತು. ಒಳಕೋಣೆಯಲ್ಲಿ ಕೂಸು ಚೀರಿತು. ಅದನ್ನೇ ಹಿಮ್ಮೆಟ್ಟುವ ಕಹಳೆಯೆಂದು ತಿಳಿದು ವಿಶಾಲಾಕ್ಷಿ ಬ್ಲೇಡು ಹಿಡಿದು ಹೊಲಿಗೆ ಬಿಚ್ಚಲು ಕುಳಿತಳು.

ಎರಡನೆಯ ಸಮರಕ್ಕೆ ಹೊಸ ಆಯುಧ ಬೇಕಾಯಿತು. ಪೇಟೆಯ ಮಶಿನ್ ಸಾಮಾನಿನ ಅಂಗಡಿಯಲ್ಲಿ ಗೋಟಿನ ಫೂಟು ಕೇಳಿದಳು. ಕರಿ ಮಶಿನ್ನುಗಳೆಲ್ಲ ಒಂದೇ ಕುಲವೆಂದು ಅಂಗಡಿಯವನು ಭರವಸೆ ಕೊಟ್ಟ. ಒಂದೇ ಕುಲವಾಗಿರಲಿಲ್ಲ. ಹಂಪವ್ವನ ಮಶಿನ್ನಿನಲ್ಲಿ ಫೂಟು ಸಿಕ್ಕಿಸುವ ಕಂಬ ಎತ್ತರ, ಹೊಸ ಫೂಟಿನ ಕತ್ತು ಗಿಡ್ಡ. ಸ್ಕ್ರೂ ಎಷ್ಟು ಬಿಗಿದರೂ ಅದು ಬಟ್ಟೆಯನ್ನು ಮುಟ್ಟದೆ, ಮುನಿಸಿಕೊಂಡ ಅಳಿಯನಂತೆ ಗಾಳಿಯಲ್ಲಿ ನಿಂತಿತು. ವಿಶಾಲಾಕ್ಷಿ ಅದನ್ನು ಓರೆಮಾಡಿ, ಕೆಳಗೆ ಎಳೆದು, ಬಲವಂತವಾಗಿ ಕೂಡಿಸಿ ಒಮ್ಮೆ ತುಳಿದಳು. ಸೂಜಿ ತೂತು ಬಿಟ್ಟು ಲೋಹಕ್ಕೆ ಬಡಿಯಿತು. ತುಂಡೊಂದು ಹಾರಿ ಅವಳ ಕುಂಕುಮದ ಪಕ್ಕದಿಂದಲೇ ಹಾದು ಗೋಡೆಯ ಕ್ಯಾಲೆಂಡರಿನ ಅಮಾವಾಸ್ಯೆಗೆ ನಾಟಿತು.

ಅವಳು ಸ್ಟೂಲಿನ ಮೇಲೆ ಹಾಗೆಯೇ ಕುಳಿತುಬಿಟ್ಟಳು. ಕಾಲು ಮಾತ್ರ ತನ್ನಷ್ಟಕ್ಕೆ ಪಾದಪೀಠವನ್ನು ಮೆಲ್ಲಗೆ ತುಳಿಯುತ್ತಿತ್ತು. ಅತ್ತೆ ಹೋದ ಮೇಲೆ ಎಷ್ಟೋ ಮಧ್ಯಾಹ್ನ ಅವಳು ದಾರವಿಲ್ಲದೆ, ಬಟ್ಟೆಯಿಲ್ಲದೆ, ಹೀಗೆ ತುಳಿಯುತ್ತ ಕೂತದ್ದುಂಟು. ಮಶಿನ್ ಬಿಗಿದುಕೊಳ್ಳಬಾರದೆಂದು ತುಳಿಯುತ್ತೇನೆ ಎಂದು ಗಂಡನಿಗೆ ಹೇಳುತ್ತಿದ್ದಳು. ನಿಜ ಏನೆಂದರೆ ಆ ಸದ್ದು ನಿಂತರೆ ಮನೆ ಖಾಲಿ ಎನ್ನಿಸುತ್ತಿತ್ತು. ಬೈದರೂ ಮನೆಯಲ್ಲಿ ಒಬ್ಬರು ಇದ್ದರಲ್ಲ.

ಇನ್ನು ಉಳಿದದ್ದು ಸಂಧಿ. ವಿಶಾಲಾಕ್ಷಿ ಮಹಾರುದ್ರಪ್ಪನನ್ನು ನಿದ್ದೆಯಿಂದ ಎಬ್ಬಿಸಿ ರಾಯಭಾರಿಯಾಗಿ ನೇಮಿಸಿದಳು. ತಂಗಿಯ ಮನೆಗೆ ಹೋಗಿ, ಗೋಟಿನ ಫೂಟನ್ನು ಒಂದು ದಿನದ ಮಟ್ಟಿಗೆ ತರಬೇಕು, ಆದರೆ ತಾನು ಕೇಳಿದೆನೆಂದು ಹೇಳಬಾರದು, ಹಾಗೆಂದು ಕೇಳಿಲ್ಲವೆಂದೂ ಹೇಳಬಾರದು. ಇಂಥ ಸೂಕ್ಷ್ಮವಾದ ಆಜ್ಞೆಯನ್ನು ಶಿರಸಾವಹಿಸಿ ಅವನು ಆಟೋ ಹತ್ತಿದ. ಬಿಸಿಲು ಇಳಿಯುವ ಹೊತ್ತಿಗೆ ಹಿಂತಿರುಗಿದ. ತಂಗಿ ಎಣ್ಣೆಗಾಯಿ ಬಡಿಸಿದ್ದಳು, ಮೇಲೆ ಮಾದಲಿಗೆ ತುಪ್ಪ ಸುರಿದಿದ್ದಳು, ಉಣ್ಣುತ್ತ ಬಂದ ವಿಷಯ ಮರೆತುಹೋಗಿತ್ತು, ಹೊರಡುವಾಗ ಚಪ್ಪಲಿ ಮೆಟ್ಟುತ್ತ ನೆನಪಾಯಿತು. ಅವನು ಮಾತೆತ್ತುವ ಮೊದಲೇ ಸುವರ್ಣಾ, ಕೌದಿಯ ಸುದ್ದಿ ತನಗೆ ಗೊತ್ತೆಂದೂ, ಬೆಟಗೇರಿಯಲ್ಲಿ ಸೂಜಿ ಮುರಿದರೆ ಗದಗಿಗೆ ಕೇಳಿಸುತ್ತದೆಂದೂ ಹೇಳಿದಳಂತೆ.

“ಮತ್ತ ಫೂಟು?” ಎಂದಳು ವಿಶಾಲಾಕ್ಷಿ.

“ಬರ್ತೈತಂತ. ಆದ್ರ ಆಕಿ ಕೈಯಾಗ ಬರ್ತೈತಂತ. ನಮ್ಮವ್ವನ ಸೀರಿಗೆ ಗೋಟು ಹಚ್ಚಾಕಿ ನಾನ ಅಂದ್ಲು.”

ಆ ನುಡಿ ಕೇಳಿ ಕ್ರೋಧಾರುಣನೇತ್ರೆಯಾದ ವಿಶಾಲಾಕ್ಷಿ ಅಂದು ಸಂಜೆ ಬಡಿದ ರೊಟ್ಟಿಗಳು ಕಾಗದದಷ್ಟು ತೆಳ್ಳಗಾದವು. ಬರಲೇಬೇಡ ಎಂದು ಫೋನು ಮಾಡಲು ಕೈಯೆತ್ತಿದಳು. ಎರಡು ಬೆರಳಲ್ಲಿ ಕೌದಿ ಎತ್ತಿದ ಬೀಗಿತಿ ನೆನಪಾಗಿ ಕೈ ಇಳಿಸಿದಳು.

ಮರುದಿನ ಮಧ್ಯಾಹ್ನ, ತ್ರಿಚಕ್ರರಥಾರೂಢೆಯಾಗಿ, ಕನ್ನಡಕಶೋಭಿತೆಯಾಗಿ, ಹೆಗಲಲ್ಲಿ ಅದೇ ಬ್ಯಾಗನ್ನು ತೂಗಿಸಿಕೊಂಡು ಸುವರ್ಣಾ ಬಂದಿಳಿದಳು. ಹೊಸ್ತಿಲಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ವಿಶಾಲಾಕ್ಷಿ ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ, ಬಾಗಿಲಿನಿಂದ ಅರ್ಧ ಹೆಜ್ಜೆ ಸರಿದು ನಿಂತಳು. ಸುವರ್ಣಾ ಒಳಗೆ ಬಂದು, ಕೂಸಿನ ಕೈಗೆ ಬೆಳ್ಳಿಯ ಕಡಗ ಹಾಕಿ, ನೇರ ಮಶಿನ್ನಿನ ಬಳಿ ಹೋಗಿ ಡಬ್ಬಿಯನ್ನು ತೆರೆದಳು.

ಆಗ ಹೊರಬಂದ ಆ ಲೋಹಸೇನೆಯನ್ನು ಹೇಗೆ ವರ್ಣಿಸಲಿ. ಮುಂಚೂಣಿಯಲ್ಲಿ, ಅಂಗಿಯ ತುದಿಯನ್ನು ಕಿರಿದಾಗಿ ಮಡಚುವ ಸುರುಳಿಮೂತಿಯ ಫೂಟು. ಅದರ ಹಿಂದೆ, ಒಂದೇ ಕಾಲಿನಲ್ಲಿ ಕುಂಟುತ್ತ ಚೈನು ಹಚ್ಚುವ ಫೂಟು. ನಡುವೆ, ಬಹುಭುಜ, ಬಹುದಂತ, ನೋಡಿದರೆ ಮಿಡತೆಯ ಅಜ್ಜನಂತಿದ್ದ, ಲಂಗಕ್ಕೆ ನೆರಿಗೆ ಹಿಡಿಯುವ ಮಹಾಫೂಟು, ಅದನ್ನು ಉಪಯೋಗಿಸುವುದು ಹೇಗೆಂದು ಆ ಮನೆತನದಲ್ಲಿ ಯಾರಿಗೂ ಎಂದೂ ಗೊತ್ತಿರಲಿಲ್ಲ. ಎಲ್ಲರ ಕೊನೆಗೆ, ಹಳೆಯ ರವಿಕೆಯ ತುಣುಕಿನಲ್ಲಿ ಸುತ್ತಿದ್ದ ಗೋಟಿನ ಫೂಟು. ಸುವರ್ಣಾ ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟು ತೋರಿದಳು. ಕಿಟಕಿಯ ಬಿಸಿಲು ಶಂಖದ ಸುರುಳಿಯ ಮೇಲೆ ಬಿದ್ದು ಮಿಂಚಿತು.

ಸ್ಟೂಲಿನ ಮೇಲೆ ಯಾರು ಕೂರಬೇಕೆಂಬ ವಿಷಯದಲ್ಲಿ ಮೂರನೆಯ ಸಮರದ ಮೊದಲ ಪರ್ವ ನಡೆಯಿತು. ಮಶಿನ್ ತನ್ನದೆಂದು ಒಬ್ಬಳು, ಫೂಟು ತನ್ನದೆಂದು ಇನ್ನೊಬ್ಬಳು. ಒಳಕೋಣೆಯಿಂದ ಪೂರ್ಣಿಮಾ, ಕೂಸು ಈಗಷ್ಟೇ ಮಲಗಿದೆ, ಇಬ್ಬರೂ ಹೊರಗೆ ಹೋಗಿ ಜಗಳಾಡಿ ಎಂದು ಕೂಗಿದಳು. ಕೊನೆಗೆ ಸ್ಟೂಲನ್ನು ತೆಗೆದು ಅಡಿಗೆಮನೆಯ ಉದ್ದನೆಯ ಮಣೆಯನ್ನು ಎರಡು ಡಬ್ಬಗಳ ಮೇಲಿಟ್ಟು ಇಬ್ಬರೂ ಅಕ್ಕಪಕ್ಕ ಕುಳಿತರು. ಸುವರ್ಣಾಳ ಬಲಗಾಲು, ವಿಶಾಲಾಕ್ಷಿಯ ಎಡಗಾಲು ಪಾದಪೀಠವನ್ನು ಹಂಚಿಕೊಂಡವು.

ಫೂಟು ಕಂಬಕ್ಕೆ ಟಕ್ಕೆಂದು ಕೂತಿತು. ಹುಟ್ಟಿದ್ದೇ ಅಲ್ಲಿ ಎಂಬಂತೆ ಕೂತಿತು. ಶಂಖಕ್ಕೆ ಪಟ್ಟಿ ತೂರಿಸಿದರು, ಅದು ಬೆಣ್ಣೆಯಂತೆ ಜಾರಿ, ಮಡಚಿಕೊಂಡು ಇನ್ನೊಂದು ಕಡೆ ಹೊರಬಂತು. ಕೌದಿಯ ಅಂಚನ್ನು ತಂದು ಶಂಖದ ಬಾಯಿಗೆ ಹಿಡಿದರು.

ಹೋಗಲಿಲ್ಲ.

ಒತ್ತಿದರು. ಲಟ್ಟಣಿಗೆಯಿಂದ ಅಂಚನ್ನು ಲಟ್ಟಿಸಿದರು. ಕುಟ್ಟಾಣಿಯ ಗುಂಡಿನಿಂದ ಬಡಿದರು. ಇಸ್ತ್ರಿ ಕಾಯಿಸಿ ಎಳೆದರು. ನಾಲ್ಕು ಪದರ ಸೀರೆಯ ಆ ದಪ್ಪ ಅಂಚು, ಎರಡು ಪದರ ತೆಳು ಬಟ್ಟೆಗೆಂದು ಮಾಡಿದ ಆ ಸೂಕ್ಷ್ಮಶಂಖದ ಬಾಯಿಯನ್ನು ಹೊಗಲು ಖಡಾಖಡಿ ನಿರಾಕರಿಸಿತು. ಸೂಜಿಗೆ ತಾಗಿಸಿ ಒಮ್ಮೆ ಬಲವಾಗಿ ತುಳಿದಾಗ ಚಕ್ರದ ಚರ್ಮದ ಪಟ್ಟಿ ಕಳಚಿ ಹಾವಿನಂತೆ ನೆಲಕ್ಕೆ ಬಿತ್ತು.

ನೀನು ಪಟ್ಟಿಯನ್ನು ಓರೆ ಹಿಡಿದೆ ಎಂದಳು ವಿಶಾಲಾಕ್ಷಿ. ನೀವು ಕೌದಿಯನ್ನು ಗೋಣಿಚೀಲದಂತೆ ದಪ್ಪ ಹೊಲಿದಿದ್ದೀರಿ ಎಂದಳು ಸುವರ್ಣಾ. ಇಷ್ಟು ವರ್ಷ ಫೂಟು ಇಟ್ಟುಕೊಂಡವಳಿಗೆ ಅದನ್ನು ನಡೆಸಲು ಬಾರದೇ ಎಂದು ವಿಶಾಲಾಕ್ಷಿ ಕೇಳಿದಾಗ, ಸುವರ್ಣಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ನಡಸೂದೆಲ್ಲಿ ಬಂತು ವೈನಿ,” ಎಂದಳು. “ನಮ್ಮ ಮನ್ಯಾಗಿನದು ಕರೆಂಟಿನ ಮಶಿನ್. ಇದು ಅದಕ್ಕ ಹತ್ತೂದಿಲ್ಲ. ಆಗಾಗ ಡಬ್ಬಿ ತಗದು ಮೂಸಿ ನೋಡಿ ಇಡತಿದ್ದೆ. ಮಶಿನ್ ಎಣ್ಣಿ ವಾಸನಿ. ಅವ್ವನ ಕೈ ಹಂಗ ನಾರತಿತ್ತಲ್ಲ.”

ವಿಶಾಲಾಕ್ಷಿಗೆ ತಾನು ಖಾಲಿ ಮಶಿನ್ ತುಳಿಯುತ್ತಿದ್ದದ್ದನ್ನು ಹೇಳಬೇಕೆನ್ನಿಸಿತು, ನಾಚಿಕೆಯಾಯಿತು. ಬಗ್ಗಿ ಚರ್ಮದ ಪಟ್ಟಿಯನ್ನು ಎತ್ತಿ ಚಕ್ರಕ್ಕೆ ಏರಿಸುತ್ತ, ಡಬ್ಬಿಯನ್ನು ತನಗೂ ಕೊಡು ಎಂದಳು. ಮೂಸಿದಳು. ಹೌದು, ಹಾಗೆಯೇ ಇತ್ತು. ಅತ್ತೆ ಪಕ್ಕದಲ್ಲೇ ನಿಂತು ತಪ್ಪು ಹುಡುಕುತ್ತಿರುವಂತೆ.

ಹಾಗಾದರೆ ಹಂಪವ್ವ ಹೇಗೆ ಹಚ್ಚುತ್ತಿದ್ದಳು? ಇದೊಂದೇ ಪ್ರಶ್ನೆ ಉಳಿಯಿತು. ಅವಳು ಹೊಲಿದದ್ದರಲ್ಲಿ ಆ ಮನೆಯಲ್ಲಿ ಉಳಿದಿದ್ದ ಕೌದಿ ಒಂದೇ. ಅದರ ಮೇಲೆ ಆಗ ಮಹಾರುದ್ರಪ್ಪ ವ್ರತಸ್ಥನಾಗಿ ಗೊರಕೆ ಹೊಡೆಯುತ್ತಿದ್ದ. ನಾದಿನಿ ಅತ್ತಿಗೆಯರಿಬ್ಬರೂ ಮೊತ್ತಮೊದಲ ಬಾರಿಗೆ ಒಂದೇ ಪಕ್ಷದಲ್ಲಿ ನಿಂತು, ಎರಡು ಕಡೆಯಿಂದ ಹಿಡಿದು ಅದನ್ನು ಅವನ ಕೆಳಗಿನಿಂದ ಎಳೆದರು. ಅವನು ಉರುಳಿ ಗೋಡೆಗೆ ತಾಗಿ ಕಣ್ಣುಬಿಟ್ಟ.

ಕಿಟಕಿಯ ಬೆಳಕಿಗೆ ಕೌದಿಯನ್ನು ಹಿಡಿದು, ಜಗದ್ವಿಖ್ಯಾತವಾದ ಆ ಗೋಟಿನ ಮೇಲೆ ಇಬ್ಬರೂ ತಲೆ ಬಗ್ಗಿಸಿದರು. ಮೇಲೆ ನೋಡಿದರು. ಮಗುಚಿ ಕೆಳಗೆ ನೋಡಿದರು. ಸುವರ್ಣಾ ಕನ್ನಡಕ ಏರಿಸಿ ಮತ್ತೆ ನೋಡಿದಳು. ಮಶಿನ್ನಿನ ಹೊಲಿಗೆಗೆ ಕೆಳಗೂ ಒಂದು ದಾರ ಇರಬೇಕು. ಇದಕ್ಕೆ ಇರಲಿಲ್ಲ. ಅಕ್ಕಿಯ ನುಚ್ಚಿನಷ್ಟು ಸಣ್ಣ, ಒಂದರಂತೆ ಒಂದು, ಓರೆಯಾದ ಹೊಲಿಗೆಗಳು, ಅಂಚಿನ ಉದ್ದಕ್ಕೂ.

“ಇದು ಕೈ ಹೊಲಿಗಿ,” ಎಂದಳು ವಿಶಾಲಾಕ್ಷಿ.

ಮಂಚದ ಮೇಲಿಂದ ಮಹಾರುದ್ರಪ್ಪ ಆಕಳಿಸಿದ. “ಕೈಲೇ ಹೊಲೀತಿದ್ಲು ಅವ್ವ. ನಿಮಗ ಗೊತ್ತಿಲ್ಲೇನ?”

ಇಬ್ಬರೂ ಅವನತ್ತ ತಿರುಗಿದರು. ಆ ನೋಟಕ್ಕೆ ಅವನ ನಿದ್ದೆ ಪೂರ್ತಿ ಹಾರಿತು. ಚಿಕ್ಕವನಿದ್ದಾಗ ಜ್ವರ ಬಂದು ಪಡಸಾಲೆಯಲ್ಲಿ ಮಲಗಿದ್ದೆನೆಂದೂ, ಅವ್ವ ಬಾಗಿಲು ಹಾಕಿಕೊಂಡು ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೈಯಿಂದ ಗೋಟು ಹಚ್ಚುತ್ತಿದ್ದಳೆಂದೂ, ಕಾಲಿನಿಂದ ಮಾತ್ರ ಖಾಲಿ ಮಶಿನ್ ತುಳಿಯುತ್ತಿದ್ದಳೆಂದೂ ಅವನು ಹೇಳಿದ. ದಪ್ಪ ಬಟ್ಟೆಗೂ ಗೋಟು ಹಚ್ಚುತ್ತದೆಂದು ಹೇಳಿ, ಅಪ್ಪನ ಬಾಯಿ ಮುಚ್ಚಿಸಿ ಮಶಿನ್ ತಂದಿದ್ದಳು. ಅದು ಹಚ್ಚಲಿಲ್ಲ. ದಂಡವಾಯಿತು ಎಂದು ಅಪ್ಪ ಅನ್ನಬಾರದಲ್ಲ.

“ಇಷ್ಟ ದಿನಾ ಹೇಳಬಾರದಿತ್ತೇನ್ರಿ?” ಎಂದಳು ವಿಶಾಲಾಕ್ಷಿ.

“ನನ್ನ ಯಾರ ಕೇಳಿದ್ರು? ಫೂಟು ತಾ ಅಂದ್ರಿ, ಹೋದೆ.”

ಸುವರ್ಣಾಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ವಿಶಾಲಾಕ್ಷಿ ಗಾಬರಿಯಾಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅಳುತ್ತಿರಲಿಲ್ಲ. ನಕ್ಕು ನಕ್ಕು ಅವಳ ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಕೈಯಲ್ಲಿ ಹೊಲಿದರೆ ಸೊಟ್ಟಾಗುತ್ತದೆ, ಮಶಿನ್ ಕಲಿ, ಮಶಿನ್ ಕಲಿ ಎಂದು ಆ ಮುದುಕಿ ತನ್ನ ಪ್ರಾಣ ತಿಂದದ್ದು ವಿಶಾಲಾಕ್ಷಿಗೆ ನೆನಪಾಯಿತು. ಅವಳಿಗೂ ನಗು ತಡೆಯಲಾಗಲಿಲ್ಲ. ಪೂರ್ಣಿಮಾ ಎದ್ದು ಬಂದು, ಅವ್ವ ಸೋದರತ್ತೆ ಇಬ್ಬರೂ ಹಳೆಯ ಕೌದಿಯ ಮೇಲೆ ಬಿದ್ದು ನಗುತ್ತಿರುವುದನ್ನೂ, ಅಪ್ಪ ಬರಿಯ ಮಂಚದ ಮೇಲೆ ದಿಂಬು ತಬ್ಬಿ ಕುಳಿತಿರುವುದನ್ನೂ ನೋಡಿ, ಏನೂ ಕೇಳದೆ ಒಳಗೆ ಹೋದಳು.

ಆಮೇಲೆ ನಡೆದದ್ದು ಯುದ್ಧವಲ್ಲ, ಕೆಲಸ. ಇಬ್ಬರೂ ಒಂದೊಂದು ಸೂಜಿ ಪೋಣಿಸಿಕೊಂಡು, ಎದುರುಬದುರು ಮೂಲೆಗಳಿಂದ ಆರಂಭಿಸಿದರು. ಸುವರ್ಣಾಳ ಹೊಲಿಗೆ ತಾಯಿಯದರಂತೆ ಸಣ್ಣ, ವಿಶಾಲಾಕ್ಷಿಯದು ಒಂದಿಷ್ಟು ದೊಡ್ಡದು, ಆದರೆ ಬಿಗಿ. ಯಾರು ಯಾರ ಮನೆಯಲ್ಲಿ ಯಾವಾಗ ಏನಂದರು ಎಂಬ ಹಳೆಯ ಲೆಕ್ಕಗಳೆಲ್ಲ ಹೊಲಿಯುತ್ತ ಹೊರಬಂದವು, ಅರ್ಧಕ್ಕರ್ಧ ಸುಳ್ಳೆಂದು ತೇಲಿದವು, ಉಳಿದರ್ಧಕ್ಕೆ ಇಬ್ಬರೂ ಸುಮ್ಮನಿದ್ದರು. ನಡುವೆ ಸುವರ್ಣಾ ತಲೆಯೆತ್ತಿ, ಓಣಿಯವರಿಗೆ ಏನು ಹೇಳುವುದೆಂದು ಕೇಳಿದಳು. ಮಶಿನ್ನಿನಲ್ಲೇ ಹಚ್ಚುವೆನೆಂದು ವೈನಿ ಬೀಗರೆದುರು ಶಪಥ ಮಾಡಿದ್ದರಲ್ಲ.

ವಿಶಾಲಾಕ್ಷಿ ಎದ್ದು ಹೋಗಿ ಪಡಸಾಲೆಯ ಬಾಗಿಲು ಹಾಕಿದಳು. ಬಂದು ಮಣೆಯ ಮೇಲೆ ಕುಳಿತು, ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಎಡಗಾಲನ್ನು ಪಾದಪೀಠದ ಮೇಲಿಟ್ಟಳು. ಸುವರ್ಣಾ ಬಲಗಾಲನ್ನಿಟ್ಟಳು. ಖಾಲಿ ಮಶಿನ್ ಗುಡುಗಿತು. ಆ ಮೇಘನಾದ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹರಡಿ, ಕಟ್ಟೆಗಳ ಮೇಲೆ ಕುಳಿತು ಕಾಳು ಹಸನು ಮಾಡುತ್ತಿದ್ದವರು ತಲೆಯೆತ್ತಿ, ಹಂಪವ್ವನ ಸೊಸೆ ಗೋಟು ಹಚ್ಚುತ್ತಿದ್ದಾಳೆಂದು ಮಾತಾಡಿಕೊಂಡರು.

ಹೊರಡುವಾಗ ಸುವರ್ಣಾ ಡಬ್ಬಿಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು. ಗೋಟಿನ ಫೂಟು ಮಾತ್ರ ಮಶಿನ್ನಿನಲ್ಲೇ ಉಳಿಯಿತು. ಇದನ್ನು ಔದಾರ್ಯವೆಂದು ವರ್ಣಿಸಲು ಕವಿ ಸಿದ್ಧನಿದ್ದ, ಆದರೆ ಸ್ಕ್ರೂ ಬಿಗಿದು ಕೂತು ಬಿಚ್ಚಲು ಬರಲಿಲ್ಲ ಎಂಬುದೇ ನಿಜ.

ತೊಟ್ಟಿಲ ದಿನ ಬೀಗಿತಿ ರಾಜೇಶ್ವರಿ ಕೌದಿಯನ್ನು ಈ ಸಲ ಎರಡೂ ಕೈಯಲ್ಲಿ ಎತ್ತಿಕೊಂಡಳು. ಗೋಟಿನ ಮೇಲೆ ಬೆರಳಾಡಿಸಿ, ಮಶಿನ್ನಿನ ಕೆಲಸವೆಂದರೆ ಮಶಿನ್ನಿನದೇ, ಕೈಯಲ್ಲಿ ಇಷ್ಟು ಚೊಕ್ಕ ಬರುವುದಿಲ್ಲ ಎಂದಳು. ವಿಶಾಲಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ಸುವರ್ಣಾ ಮುಂದೆ ಬಂದು, ಅದಕ್ಕೆಂದೇ ಒಂದು ಫೂಟು ಇದೆ, ತಮ್ಮ ತಾಯಿಯ ಕಾಲದ್ದು, ಈಗ ಪೇಟೆಯಲ್ಲಿ ಸಿಗುವುದಿಲ್ಲ ಎಂದು ಅತ್ಯಂತ ವಿನಯದಿಂದ ತಿಳಿಸಿದಳು. ಕೌದಿಯನ್ನು ತೊಟ್ಟಿಲಿನಲ್ಲಿ ಹಾಸಿದರು. ವಿಸ್ತಾರಭೂಮಂಡಲವೆಂದು ಇಷ್ಟು ಹೊತ್ತು ವರ್ಣಿಸಿದ ಆ ರಣರಂಗವು, ಮೈ ಒರೆಸುವ ಟವೆಲ್ಲಿಗಿಂತ ಒಂದು ಗೇಣು ಕಿರಿದಾಗಿತ್ತೆಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ.

ಬಾಣಂತನ ಮುಗಿದು ಪೂರ್ಣಿಮಾ ಕೂಸಿನೊಡನೆ ಹುಬ್ಬಳ್ಳಿಗೆ ಹೋದಳು. ಕೆಲದಿನಗಳ ಮೇಲೆ ವಿಶಾಲಾಕ್ಷಿ ಫೋನು ಮಾಡಿ, ಕೂಸು ಕೌದಿಯ ಮೇಲೆ ಚೆನ್ನಾಗಿ ಮಲಗುತ್ತದೆಯೇ ಎಂದು ಕೇಳಿದಳು.

“ಬ್ಯಾಸಗಿ ಅಲ್ಲೇನವ್ವ, ಕೂಸು ಭಾಳ ಬೆವರ್ತದ,” ಎಂದಳು ಪೂರ್ಣಿಮಾ. “ಸಿಟ್ಟ ಆಗಬ್ಯಾಡ. ಅತ್ತಿ ಅದನ್ನ ಮಡಚಿ ಮಿಕ್ಸರ್ ಕೆಳಗ ಇಟ್ಟಾರ. ಕಟ್ಟಿ ಮ್ಯಾಲ ಮಿಕ್ಸರ್ ಕುಣೀತಿತ್ತು, ಸದ್ದಿಗೆ ಕೂಸು ಏಳತಿತ್ತು. ಈಗ ಏಳೂದಿಲ್ಲ.”

ಹಂಪವ್ವನ ಇಳಕಲ್ ಸೀರೆಗಳು, ನಾಲ್ಕು ಪದರ, ಮಿಕ್ಸರಿನ ಕೆಳಗೆ. ವಿಶಾಲಾಕ್ಷಿ ಫೋನಿಟ್ಟು, ಬಹಳ ಹೊತ್ತು ಯೋಚಿಸಿ, ಗದಗಿಗೆ ಫೋನು ಹಚ್ಚಿ ಸುವರ್ಣಾಳಿಗೆ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಬೈಗುಳದ ಸುರಿಮಳೆಯನ್ನು ನಿರೀಕ್ಷಿಸಿದ್ದಳು. ಸುವರ್ಣಾ ಒಂದೇ ಮಾತು ಕೇಳಿದಳು.

“ಗೋಟು ಬಿಚ್ಚಿಲ್ಲಲ್ಲ, ವೈನಿ?”

ಬಿಚ್ಚಿರಲಿಲ್ಲ. ಈ ಕಥೆಯನ್ನು ಶ್ರದ್ಧೆಯಿಂದ ಕೇಳಿದವರ ಬಾಬಿನ್ನು ಎಂದೂ ಗೋಜಲಾಗದಿರಲಿ, ಅವರ ಸೂಜಿಗೆ ದಾರ ಮೊದಲ ಸಲಕ್ಕೇ ಹೊಗಲಿ. ಅಂದು ಮಧ್ಯಾಹ್ನ ಹುಬ್ಬಳ್ಳಿಯ ಆ ಮನೆಯಲ್ಲಿ, ಕೂಸು ಎಚ್ಚರವಾಗದಂತೆ, ಶೇಂಗಾ ಚಟ್ನಿ ನುಣ್ಣಗೆ ತಯಾರಾಯಿತು.